ಬಜೆಟ್ ಉಬ್ಬಿದೆಯೇ? ಕಚ್ಚಾಟದ ನಡುವೆ ಲೆಕ್ಕ ನೋಡುವುದು ಹೀಗೆ

ಕರ್ನಾಟಕದ 2025–26ನೇ ಸಾಲಿನ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಕಾಂಗ್ರೆಸ್ ಸರ್ಕಾರ ಈ ಗಾತ್ರವನ್ನು ಹೆಮ್ಮೆಯಿಂದ ಹೇಳಿಕೊಂಡರೆ, ಬಿಜೆಪಿ ಸಾಲದ ಹೊರೆಯನ್ನು ಮುಂದಿಟ್ಟು ಟೀಕಿಸಿತು. ಇಬ್ಬರ ಮಾತಿಗೂ ಮರುಳಾಗದೆ ನೀವೇ ಲೆಕ್ಕ ನೋಡಬಹುದು. ಬಜೆಟ್ ದಾಖಲೆಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿಯೇ ಸಿಗುತ್ತವೆ.

ಹಂತ 1: ಒಟ್ಟು ಮೊತ್ತವನ್ನು ಬಿಡಿಸಿ. ಇದರಲ್ಲಿ ರಾಜಸ್ವ ವೆಚ್ಚ (ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದೈನಂದಿನ ಖರ್ಚು) 3,11,739 ಕೋಟಿ, ಬಂಡವಾಳ ವೆಚ್ಚ (ರಸ್ತೆ, ಕಟ್ಟಡದಂಥ ಆಸ್ತಿ ಕಟ್ಟುವ ಖರ್ಚು) 71,336 ಕೋಟಿ. ಉಳಿದ 26,474 ಕೋಟಿ ಹಳೆಯ ಸಾಲದ ಅಸಲು ತೀರಿಸಲು. ಅಂದರೆ ‘ನಾಲ್ಕು ಲಕ್ಷ ಕೋಟಿಯ ಅಭಿವೃದ್ಧಿ’ ಎಂದು ಯಾರಾದರೂ ಭಾಷಣ ಬಿಗಿದರೆ, ಸಾಲದ ಕಂತನ್ನೂ ಅಭಿವೃದ್ಧಿಯ ಖಾತೆಗೆ ಬರೆದಂತಾಯಿತು.

ಹಂತ 2: ಸರಿಸಮವಾದುದನ್ನೇ ಹೋಲಿಸಿ. ಹಿಂದಿನ ವರ್ಷದ ಬಜೆಟ್ ಅಂದಾಜು 3,71,383 ಕೋಟಿ. ಏರಿಕೆ ಶೇ 10ಕ್ಕಿಂತ ತುಸು ಹೆಚ್ಚು. ಹಿಂದಿನ ಬಿಜೆಪಿ ಸರ್ಕಾರದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ 2022–23ರ ಬಜೆಟ್ 2,65,720 ಕೋಟಿ ಇತ್ತು. 2023ರ ಫೆಬ್ರುವರಿಯಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಅವರು ಮಂಡಿಸಿದ ಮುಂದಿನ ವರ್ಷದ ಬಜೆಟ್ 3,09,182 ಕೋಟಿಗೆ ಏರಿತು. ಇದು ಶೇ 16ರಷ್ಟು ಏರಿಕೆ! ಗಾತ್ರ ಬೆಳೆದದ್ದೇ ಅಪರಾಧವಾದರೆ ಕಟಕಟೆಯಲ್ಲಿ ಇಬ್ಬರೂ ನಿಲ್ಲಬೇಕು.

ಹಂತ 3: ರಾಜಸ್ವ ಕೊರತೆ, ಅಂದರೆ ರಾಜಸ್ವ ವೆಚ್ಚಕ್ಕಿಂತ ರಾಜಸ್ವ ಆದಾಯ ಎಷ್ಟು ಕಡಿಮೆ ಎಂಬುದನ್ನು ನೋಡಿ. ನನ್ನ ಮಟ್ಟಿಗೆ ಜಗಳದ ತಿರುಳು ಇಲ್ಲಿದೆ. ಬೊಮ್ಮಾಯಿ ಅವರ ಕೊನೆಯ ಬಜೆಟ್ 402 ಕೋಟಿ ರಾಜಸ್ವ ಹೆಚ್ಚುವರಿಯನ್ನು ಅಂದಾಜಿಸಿತ್ತು. 2025–26ರಲ್ಲಿ 19,262 ಕೋಟಿ ಕೊರತೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಿಗೆ ಬರುವ ರಾಜಸ್ವ ಆದಾಯ ಸಾಲದೆ ಸಾಲ ಎತ್ತಬೇಕಾಗಿದೆ. ಐದು ಗ್ಯಾರಂಟಿಗಳಿಗೆ ಮೀಸಲಿಟ್ಟದ್ದು 51,034 ಕೋಟಿ. ಹಾಗಾಗಿ ವಿರೋಧ ಪಕ್ಷದ ಪ್ರಶ್ನೆಗೆ ಇಲ್ಲಿ ತೂಕವಿದೆ. ಆದರೆ ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲನ್ನು ತೆರಿಗೆ ಹಂಚಿಕೆಯನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದೂ ನಿಜ. ಸರ್ಕಾರ ಇದನ್ನು ಪದೇ ಪದೇ ಎತ್ತುತ್ತದೆ, ಬಿಜೆಪಿ ನಾಯಕರು ಅಷ್ಟಾಗಿ ಮಾತನಾಡುವುದಿಲ್ಲ.

ಹಂತ 4: ಕಾನೂನಿನ ಮಿತಿಗೆ ಹೋಲಿಸಿ. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ವಿತ್ತೀಯ ಕೊರತೆ (ಖರ್ಚು ಸರಿದೂಗಿಸಲು ಆ ವರ್ಷ ಎತ್ತಬೇಕಾದ ಸಾಲ) ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ) ಶೇ 3ರೊಳಗೆ, ಒಟ್ಟು ಹೊಣೆಗಾರಿಕೆ (ಬಾಕಿ ಇರುವ ಒಟ್ಟು ಸಾಲ) ಶೇ 25ರೊಳಗೆ ಇರಬೇಕು. ಬಜೆಟ್ ತೋರಿಸಿದ್ದು ಶೇ 2.95 ಮತ್ತು ಶೇ 24.91. ಕೂದಲೆಳೆಯ ಅಂತರದಲ್ಲಿ ಪಾರು. ಸರ್ಕಾರ ಈ ಶೇಕಡಾವಾರನ್ನು ಓದುತ್ತದೆ, ವಿರೋಧ ಪಕ್ಷ ಒಟ್ಟು ಹೊಣೆಗಾರಿಕೆಯಾದ 7,64,655 ಕೋಟಿ ಎಂಬ ಮೊತ್ತವನ್ನು ಓದುತ್ತದೆ. ಎರಡೂ ಒಂದೇ ಬಜೆಟ್‌ನ ಅಂಕಿಗಳು.

ಹಂತ 5: ಇವೆಲ್ಲ ಅಂದಾಜುಗಳು ಎಂಬುದು ನೆನಪಿರಲಿ. ಮರುವರ್ಷದ ದಾಖಲೆಯಲ್ಲಿ ‘ಪರಿಷ್ಕೃತ ಅಂದಾಜು’, ಅದರ ಮುಂದಿನ ವರ್ಷ ‘ಲೆಕ್ಕಗಳು’ (ನಿಜವಾಗಿ ಆದ ಆದಾಯ, ಖರ್ಚು) ಎಂಬ ಕಲಂ ನೋಡಿ. ನಡುವೆ ಅಧಿವೇಶನಗಳಲ್ಲಿ ಒಪ್ಪಿಗೆ ಪಡೆಯುವ ಪೂರಕ ಅಂದಾಜುಗಳನ್ನೂ (ಬಜೆಟ್ ಬಳಿಕ ಕೇಳುವ ಹೆಚ್ಚುವರಿ ಖರ್ಚು) ಗಮನಿಸಿ. ಗದ್ದಲದಲ್ಲಿ ಅವು ಚರ್ಚೆಯೇ ಇಲ್ಲದೆ ಪಾಸಾಗುವುದುಂಟು.