ಎಸ್‌ಡಿಬಿ ಎಂಬ ಹೆಸರಿನ ಕಡತ: ನನ್ನ ಅನುಭವ

ಪುಟ್ಟ ಬೋರ್ಡ್ ಕಂಪ್ಯೂಟರುಗಳಿಗಾಗಿ ಲಿನಕ್ಸ್ ಇಮೇಜನ್ನು (ಇಡೀ ವ್ಯವಸ್ಥೆಯ ಪಡಿಯಚ್ಚಾದ ಕಡತವನ್ನು) ಮೆಮೊರಿ ಕಾರ್ಡಿಗೆ ಬರೆದು ಕೊಡುವುದು ನನ್ನ ನಿತ್ಯದ ಕೆಲಸ. ಅದಕ್ಕೆಂದು ಬರೆದಿಟ್ಟುಕೊಂಡಿದ್ದ ಸ್ಕ್ರಿಪ್ಟು, ಬೈಟುಗಳನ್ನು ಇದ್ದಂತೆಯೇ ನಕಲಿಸುವ ಡಿಡಿ ಕಮಾಂಡಿನ ಮೂಲಕ 2 ಜಿಬಿ ಇಮೇಜನ್ನು ಡೆವ್ ಡೈರೆಕ್ಟರಿಯ ಎಸ್‌ಡಿಬಿಗೆ ನೇರವಾಗಿ ಸುರಿಯುತ್ತಿತ್ತು. ಲಿನಕ್ಸಿನಲ್ಲಿ ಸಾಧನಗಳೂ ಡೆವ್‌ನಲ್ಲಿ ಕಡತಗಳಂತೆ ಕಾಣುತ್ತವೆ. ಎಸ್‌ಡಿಎ ಮೊದಲ ಡಿಸ್ಕಿನ ಹೆಸರು, ಎಸ್‌ಡಿಬಿ ಎರಡನೆಯದರದು, ಅಂದರೆ ನನ್ನ ಕಾರ್ಡ್ ರೀಡರಿನದು. ಹಲವು ನಿಮಿಷ ಹಿಡಿಯುವ ಈ ಕೆಲಸ ಒಂದು ದಿನ ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು. ದೋಷದ ಸಂದೇಶ ಬರಲಿಲ್ಲ. ಎಲ್ಲ ಬೈಟುಗಳೂ ನಕಲಾದವೆಂದೇ ಡಿಡಿ ತಿಳಿಸಿತು. ಕಾರ್ಡನ್ನು ಬೋರ್ಡಿಗೆ ಹಾಕಿದರೆ ಮಾತ್ರ ಅದು ಬೂಟ್ ಆಗಲಿಲ್ಲ, ಕಾರ್ಡಿನಲ್ಲಿ ಹೊಸದೇನೂ ಬರೆದಿರಲಿಲ್ಲ.

ಡೆವ್‌ನಲ್ಲಿ ಕಡತಗಳ ವಿವರವನ್ನು ಪಟ್ಟಿಮಾಡುವ ಎಲ್‌ಎಸ್ ಮೈನಸ್ ಎಲ್ ಕಮಾಂಡ್ ಕೊಟ್ಟಾಗ ಕಾರಣ ಸಾಲಿನ ಮೊದಲ ಅಕ್ಷರದಲ್ಲೇ ಸಿಕ್ಕಿತು. ಡಿಸ್ಕಿನ ಸಾಲು ಬ್ಲಾಕ್ ಸಾಧನದ ಗುರುತಾದ ‘ಬಿ’ಯಿಂದ ಆರಂಭವಾಗಬೇಕು, ಗಾತ್ರ ಇರುವ ಜಾಗದಲ್ಲಿ ಮೇಜರ್ ಮತ್ತು ಮೈನರ್ ಎಂಬ ಎರಡು ಸಂಖ್ಯೆಗಳಿರಬೇಕು. ಎಸ್‌ಡಿಎಗೆ ಅವು 8 ಮತ್ತು 0, ಎಸ್‌ಡಿಬಿಗೆ 8 ಮತ್ತು 16. ನನ್ನ ಎಸ್‌ಡಿಬಿಯ ಸಾಲಾದರೋ ಅಡ್ಡಗೆರೆಯಿಂದ ಆರಂಭವಾಗಿ 2 ಜಿಬಿ ಗಾತ್ರವನ್ನು ತೋರಿಸುತ್ತಿತ್ತು. ಅದು ಸಾಧನವಾಗಿರಲಿಲ್ಲ, ಸಾಮಾನ್ಯ ಕಡತವಾಗಿತ್ತು.

ಸಾಧನದ ಕಡತದೊಳಗೆ ದತ್ತಾಂಶ ಇರುವುದಿಲ್ಲ. ಅಲ್ಲಿರುವುದು ಹೆಸರು, ಬಗೆ, ಅನುಮತಿಗಳು ಮತ್ತು ಆ ಎರಡು ಸಂಖ್ಯೆಗಳು ಮಾತ್ರ. ಅದನ್ನು ತೆರೆದಾಗ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಕಡತಗಳ ವ್ಯವಹಾರ ನೋಡಿಕೊಳ್ಳುವ ವಿಎಫ್‌ಎಸ್ ಪದರವು ಆ ಸಂಖ್ಯೆಗಳಿಂದ ಡ್ರೈವರನ್ನು (ಸಾಧನವನ್ನು ನಡೆಸುವ ತಂತ್ರಾಂಶವನ್ನು) ಗುರುತಿಸಿ, ಮುಂದಿನ ಓದು ಬರಹವನ್ನೆಲ್ಲ ಅದಕ್ಕೆ ಒಪ್ಪಿಸುತ್ತದೆ. ಈ ಹೆಸರುಗಳು ಹಿಂದೆ ಡಿಸ್ಕಿನ ಮೇಲೆಯೇ ಇರುತ್ತಿದ್ದವು. 2009ರಲ್ಲಿ ಬಂದ 2.6.32 ಆವೃತ್ತಿಯಿಂದ ಕರ್ನಲ್‌ಗೆ ಡೆವ್‌ಟಿಎಂಪಿಎಫ್‌ಎಸ್ ಎಂಬ ಕಡತ ವ್ಯವಸ್ಥೆ ಸೇರಿತು. ಅದರಲ್ಲಿ ಸಾಧನ ಸಿಕ್ಕ ಕೂಡಲೇ ಕರ್ನಲ್ ತಾನೇ ಹೆಸರನ್ನು ಸೃಷ್ಟಿಸುತ್ತದೆ, ಸಾಧನ ಹೋದಾಗ ಅಳಿಸುತ್ತದೆ. ಅನುಮತಿ ಮತ್ತು ಅಡ್ಡಹೆಸರುಗಳ ಕೆಲಸ ಯೂಡೆವ್ ಎಂಬ ಹಿನ್ನೆಲೆ ಪ್ರೋಗ್ರಾಮಿನದು. ಈ ಇಡೀ ಡೈರೆಕ್ಟರಿ ಇರುವುದು ರ್‍ಯಾಮ್‌ನಲ್ಲಿ ಎಂಬುದೇ ನನ್ನ ಪ್ರಕರಣದ ತಿರುಳು.

ನಡೆದದ್ದು ಇಷ್ಟು. ಕಾರ್ಡಿನ ಹಳೆಯ ಪಾರ್ಟಿಷನ್ (ವಿಭಾಗ) ಮೌಂಟ್ ಆಗಿರುವಾಗಲೇ, ಅಂದರೆ ಬಳಕೆಗೆ ಜೋಡಣೆಯಾಗಿರುವಾಗಲೇ, ನಾನು ರೀಡರನ್ನು ಕಿತ್ತು ಮತ್ತೆ ಚುಚ್ಚಿದ್ದೆ. ಎಸ್‌ಡಿಬಿ ಎಂಬ ಹೆಸರು ಡೈರೆಕ್ಟರಿಯಿಂದ ಅಳಿಯಿತಾದರೂ ಮೌಂಟು ಆ ಡಿಸ್ಕನ್ನು ಇನ್ನೂ ಹಿಡಿದುಕೊಂಡಿದ್ದರಿಂದ ಅದರ ಸಂಖ್ಯೆ ಬಿಡುಗಡೆಯಾಗಲಿಲ್ಲ, ಹಾಗಾಗಿ ಮರಳಿ ಬಂದ ರೀಡರಿಗೆ ಎಸ್‌ಡಿಸಿ ಎಂಬ ಹೆಸರು ದಕ್ಕಿತು. ಎಸ್‌ಡಿಬಿ ಇಲ್ಲದ್ದನ್ನು ಕಂಡ ಡಿಡಿ, ಯಂತ್ರದ ಪೂರ್ಣ ನಿಯಂತ್ರಣ ಕೊಡುವ ರೂಟ್ ಅಧಿಕಾರವಿದ್ದುದರಿಂದ, ಆ ಹೆಸರಿನ ಹೊಸ ಕಡತವನ್ನೇ ಸೃಷ್ಟಿಸಿ ಇಮೇಜನ್ನು ರ್‍ಯಾಮ್‌ನಲ್ಲಿ ಬರೆದಿಟ್ಟಿತು. ವೇಗದ ಗುಟ್ಟು ಇದೇ. ಕಡತವನ್ನು ಅಳಿಸಿದ ಕ್ಷಣ ಫ್ರೀ ಕಮಾಂಡಿನಲ್ಲಿ 2 ಜಿಬಿ ರ್‍ಯಾಮ್ ಮರಳಿದ್ದು ಕಾಣಿಸಿತು. ನೋಡದೆ ಯಂತ್ರವನ್ನು ಮರುಚಾಲನೆ ಮಾಡಿದ್ದರೆ ಈ ಸಾಕ್ಷ್ಯವೂ ಮಾಯವಾಗುತ್ತಿತ್ತು.

ಈಗ ಸ್ಕ್ರಿಪ್ಟಿನಲ್ಲಿ ಎಸ್‌ಡಿಬಿ ಎಂದು ಬರೆಯುವುದಿಲ್ಲ. ಡೆವ್‌ನ ಡಿಸ್ಕ್ ಡೈರೆಕ್ಟರಿಯೊಳಗೆ, ಬೈ ಐಡಿ ವಿಭಾಗದಲ್ಲಿ, ಯೂಡೆವ್ ಇಡುವ ಹೆಸರನ್ನು ಬಳಸುತ್ತೇನೆ. ಅದು ಸಾಮಾನ್ಯವಾಗಿ ಯುಎಸ್‌ಬಿ ರೀಡರಿನ ಗುರುತೇ ಹೊರತು ಕಾರ್ಡಿನದಲ್ಲ, ಆದ್ದರಿಂದ ಕಾರ್ಡಿನ ಗಾತ್ರವನ್ನೂ ಬೇರೆಯಾಗಿ ಪರಿಶೀಲಿಸುತ್ತೇನೆ. ಬರೆಯುವ ಮೊದಲು ಅದು ಬ್ಲಾಕ್ ಸಾಧನವೇ ಎಂದು ಟೆಸ್ಟ್ ಮೈನಸ್ ಬಿ ಕಮಾಂಡಿನಿಂದ ನೋಡುತ್ತೇನೆ. ಆ ಪರೀಕ್ಷೆ ಮುಗಿದು ಬರಹ ಆರಂಭವಾಗುವ ನಡುವೆ ಯಾರಾದರೂ ರೀಡರನ್ನು ಕಿತ್ತರೂ, ಡಿಡಿಗೆ ಕೊಟ್ಟಿರುವ ನೋಕ್ರಿಯೇಟ್ ಆಯ್ಕೆ ಹೊಸ ಕಡತ ಹುಟ್ಟಲು ಬಿಡದೆ, ಅಂಥ ಕಡತವಿಲ್ಲ ಎಂದು ಅಲ್ಲಿಯೇ ನಿಲ್ಲಿಸುತ್ತದೆ.