ಕಾಕಾ ಕೇಳಿದ್ದು ಘಾಟ್, ನಾನು ಹುಡುಕಿದ್ದು ಫೆರಾರಿ

ಕಾಕಾ ಅವರನ್ನು ಮಣೆ ಮೇಲೆ ಕೂರಿಸಿದ ದಿನವೇ ವಿದೇಶದಲ್ಲಿ ಸೂಪರ್‌ಕಾರ್ ಬಾಡಿಗೆಗೆ ಹಿಡಿದು ಘಾಟ್ ಹತ್ತುವ ನಮ್ಮ ಪ್ರವಾಸದ ಅರ್ಧ ತೀರ್ಮಾನ ಆಗಿಹೋಗಿತ್ತು. ಅವರಿಗೆ ಆಗ 67 ವರ್ಷ. ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತವೆ. ಸೂಪರ್‌ಕಾರ್‌ನ ಸೀಟು ನೆಲಕ್ಕೆ ತೀರಾ ಹತ್ತಿರ ಇರುತ್ತದೆ. ಕೂರುವುದು ಸುಲಭ, ಏಳುವುದೇ ಕಷ್ಟ. "ಕಾಕಾ, ಗೋಡಿ ಹಿಡೀಲಾರದ ಏಳ್ರಿ, ನೋಡೂಣು" ಅಂದೆ. ಎರಡು ಸಲ ಎದ್ದರು. ಮೂರನೇ ಸಲ ಬಾಗಿಲ ಚೌಕಟ್ಟು ಹಿಡಿದರು. ನೋಟ್‌ಬುಕ್ಕಿನಲ್ಲಿ ಬರೆದಿದ್ದ ಲ್ಯಾಂಬೊರ್ಗಿನಿ ಹುರಾಕನ್ ಕಾರಿನ ಹೆಸರಿನ ಮೇಲೆ ಅವತ್ತೇ ಗೆರೆ ಎಳೆದೆ.

ನನ್ನದು ಕಲಬುರಗಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ಬೇರಿಂಗು, ಕ್ಲಚ್ ಪ್ಲೇಟು, ಫಿಲ್ಟರುಗಳ ನಡುವೆಯೇ ಇದ್ದೇನೆ. ಕಾಕಾ ಲಾರಿ ಓಡಿಸಿದವರು. ಇಲ್ಲಿಂದ ತೊಗರಿ ಬೇಳೆ ಲೋಡು ಹಾಕಿಕೊಂಡು ಮುಂಬೈಗೆ ಹೋಗುತ್ತಿದ್ದರು. ಎಕ್ಸ್‌ಪ್ರೆಸ್‌ವೇ ಬರುವ ಮುಂಚಿನ ಖಂಡಾಲಾ ಘಾಟ್ ಅವರಿಗೆ ತಿರುವು ತಿರುವೂ ಗೊತ್ತು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರೂ ಅವರೇ. "ಒಂದ್ಸಲ ಒಳ್ಳೆ ಗಾಡಿ ತಗೊಂಡು, ಲೋಡ್ ಇಲ್ಲದ, ಒಂದು ಘಾಟ್ ಹತ್ತಬೇಕು ನೋಡು ತಮ್ಮಾ" ಅಂತ ಯಾವಾಗಲೋ ಒಮ್ಮೆ ಹೇಳಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು.

ಮೊದಲು ನನ್ನ ಹಳೇ ತಪ್ಪು ಹೇಳಬೇಕು. 2018ರ ಜುಲೈನಲ್ಲಿ ನಾವು ಮೂವರು ಗೆಳೆಯರು ದುಬೈಗೆ ಹೋಗಿದ್ದೆವು. ಹೈದರಾಬಾದ್‌ನಿಂದ ವಿಮಾನದಲ್ಲಿ ಸುಮಾರು ನಾಲ್ಕು ತಾಸು. ವೀಸಾ ಸುಲಭ, ಸೀಸನ್ ಅಲ್ಲದ್ದರಿಂದ ಹೋಟೆಲ್ ಅಗ್ಗ. ಒಂದು ದಿನಕ್ಕೆ ಹುರಾಕನ್ ತೆಗೆದುಕೊಂಡೆವು. ಗಾಡಿಗೆ ಎರಡೇ ಸೀಟು, ನಾವು ಮೂವರು! ಒಬ್ಬನು ಹಿಂದೆ ಟ್ಯಾಕ್ಸಿಯಲ್ಲಿ ಬಂದ. ಬಿಸಿಲು 45 ಡಿಗ್ರಿ ಹತ್ತಿರ. ಮೇ ತಿಂಗಳ ಕಲಬುರಗಿಯನ್ನು ಕಂಡವರಿಗೂ ಅಲ್ಲಿನ ಸೆಕೆ ಬೇರೆ, ಸಮುದ್ರದ ತೇವ ಸೇರಿರುತ್ತದೆ. ಶೇಖ್ ಜಾಯೆದ್ ರಸ್ತೆ ಅಗಲವಾಗಿದೆ, ನುಣ್ಣಗಿದೆ, ನೇರವಾಗಿದೆ. ಆದರೆ ವೇಗದ ಮಿತಿ 120 ದಾಟುವುದಿಲ್ಲ, ಕ್ಯಾಮೆರಾ ಎಲ್ಲಾ ಕಡೆ. ಒಂದೊಂದು ಸಾಲಿಕ್ ಟೋಲ್ ಗೇಟು ದಾಟಿದಾಗಲೂ ಆಗ 4 ದಿರ್ಹಮ್ ಇತ್ತು. 600 ಕುದುರೆ ಶಕ್ತಿ ಮೀರಿದ ಗಾಡಿಯನ್ನು ಟ್ರಾಫಿಕ್ಕಿನಲ್ಲಿ ನಿಲ್ಲಿಸಿಕೊಂಡು ಎಸಿ ಗಾಳಿ ತಿಂದೆವು ಅಷ್ಟೇ.

ಜೆಬೆಲ್ ಜೈಸ್ ಬೆಟ್ಟಕ್ಕೆ ಹೋಗೋಣ ಅಂತ ಆಸೆ ಇತ್ತು. ಅದು ರಾಸ್ ಅಲ್ ಖೈಮಾದಲ್ಲಿದೆ, 1,934 ಮೀಟರ್ ಎತ್ತರ. ಮೇಲಕ್ಕೆ ಹತ್ತುವ ದಾರಿ ತುಂಬಾ ಚೆನ್ನಾಗಿದೆ. ಆದರೆ ದುಬೈನಿಂದ ಹೋಗಿ ಬರುವುದಕ್ಕೇ ಸುಮಾರು 300 ಕಿಲೋಮೀಟರ್ ಆಗುತ್ತದೆ. ನಮ್ಮ ಬಾಡಿಗೆಯಲ್ಲಿ ದಿನಕ್ಕೆ 250 ಕಿಲೋಮೀಟರ್ ಮಾತ್ರ. ಮೇಲಿನ ಒಂದೊಂದು ಕಿಲೋಮೀಟರಿಗೂ ಬೇರೆ ದುಡ್ಡು. ಗಾಡಿ ಕೈಗೆ ಬಂದ ಮೇಲೆ ಈ ಲೆಕ್ಕ ಹಾಕಿದೆವು. ಹಾಕಬೇಕಾಗಿದ್ದು ಟಿಕೆಟ್ ತೆಗೆಸುವ ಮುಂಚೆ.

ವಾಪಸ್ ಕೊಡುವಾಗ ಇನ್ನೊಂದು ಏಟು. ಮುಂದಿನ ಚಕ್ರದ ರಿಮ್ಮಿನಲ್ಲಿ ಗೆರೆ ಬಿದ್ದಿದೆ ಎಂದು ಬಾಡಿಗೆ ಕೊಟ್ಟವರು 1,500 ದಿರ್ಹಮ್ ಹಿಡಿದರು. ಅದು ಹಳೇ ಗೆರೆ. ಗೆರೆಯ ಒಳಗೆ ಬ್ರೇಕ್ ಪುಡಿ ಕೂತು ಕಪ್ಪಗಾಗಿತ್ತು. ಹೊಸದಾಗಿ ಉಜ್ಜಿದ್ದರೆ ಅಲ್ಯೂಮಿನಿಯಂ ಹೊಳೆಯಬೇಕಿತ್ತು. ದಿನಾ ಇದೇ ಸಾಮಾನು ಮಾರುವ ನನಗೆ ಗೊತ್ತಾಯಿತು, ಆದರೆ ತೋರಿಸಲು ವೀಡಿಯೋ ಇರಲಿಲ್ಲ. ಅಂದಿನಿಂದ ಗಾಡಿ ತೆಗೆದುಕೊಳ್ಳುವಾಗ ನಾಲ್ಕೂ ರಿಮ್ಮು, ಮುಂದಿನ ಬಂಪರ್ ಅಡಿಭಾಗ, ಗಾಜು, ಕಿಲೋಮೀಟರ್ ಮೀಟರು, ಪೆಟ್ರೋಲ್ ಮುಳ್ಳು, ಎಲ್ಲವನ್ನೂ ನಿಧಾನವಾಗಿ ವೀಡಿಯೋ ಮಾಡುತ್ತೇನೆ. ಎದುರಿಗೆ ನಿಂತವರಿಗೆ ಬೇಸರ ಆದರೂ ಸರಿ.

ಕಾಕಾ ಜೊತೆ ಹೋಗುವ ಯೋಚನೆ ಬಂದಾಗ ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು ಊರಿನ ಹೆಸರಲ್ಲ. "ಘಾಟ್, ದಿನಕ್ಕೆ 150 ಕಿಲೋಮೀಟರ್ ಒಳಗೆ" ಅಂತ ಬರೆದೆ. ಬಾಡಿಗೆ ಕೊಡುವವರ ಬಾಗಿಲಿನಿಂದ ಬೆಟ್ಟದ ದಾರಿ ಎಷ್ಟು ದೂರ? ಯಾವ ತಿಂಗಳು ತೆರೆದಿರುತ್ತದೆ? ಈ ಎರಡು ಪ್ರಶ್ನೆ ಇಟ್ಟುಕೊಂಡು ಒಂದೊಂದೇ ಜಾಗ ನೋಡಿದೆ.

ಜರ್ಮನಿಯ ಆಟೋಬಾನ್ ಹೆದ್ದಾರಿ ಬಗ್ಗೆ ಎಲ್ಲರೂ ಹೇಳುತ್ತಾರೆ. ಕೆಲವು ಭಾಗಗಳಲ್ಲಿ ವೇಗದ ಮಿತಿ ಇಲ್ಲ ನಿಜ, ಆದರೆ ಅಲ್ಲೂ ಸಲಹೆಯ ವೇಗ 130. ಅಲ್ಲಿನ ನ್ಯೂರ್ಬರ್ಗ್‌ರಿಂಗ್‌ನ 20.8 ಕಿಲೋಮೀಟರ್ ಹಳೇ ರೇಸ್ ಟ್ರ್ಯಾಕಿಗೆ ಸಾಮಾನ್ಯ ಬಾಡಿಗೆ ಗಾಡಿ ಒಯ್ಯುವ ಹಾಗಿಲ್ಲ. ಅದಕ್ಕೆಂದೇ ಸಿದ್ಧ ಮಾಡಿದ ಗಾಡಿಗಳನ್ನು ಕೊಡುವವರು ಬೇರೆ ಇದ್ದಾರೆ. ನೇರ ದಾರಿಯಲ್ಲಿ ಜೋರಾಗಿ ಹೋಗುವುದು ಕಾಕಾಗೆ ಬೇಕಾದದ್ದಲ್ಲ. ಬಿಟ್ಟೆ.

ಮೊನಾಕೊ ಇಡೀ ದೇಶವೇ ಸುಮಾರು ಎರಡು ಚದರ ಕಿಲೋಮೀಟರ್. ಗಾಡಿ ಓಡಿಸುವ ಸುಖ ಅದರ ಹೊರಗಿದೆ. ಫ್ರಾನ್ಸಿನ ನೀಸ್ ಮತ್ತು ಮಾಂತೋಂ ನಡುವೆ ಸಮುದ್ರದ ಅಂಚಿನ ಬೆಟ್ಟದಲ್ಲಿ ಒಂದರ ಮೇಲೊಂದು ಹೋಗುವ ಮೂರು ಕಾರ್ನೀಶ್ ರಸ್ತೆಗಳಿವೆ. ಒಳಕ್ಕೆ ಹೋದರೆ 1,607 ಮೀಟರ್ ಎತ್ತರದ ಕೋಲ್ ದ ತುರಿನಿ ಘಾಟ್ ಸಿಗುತ್ತದೆ. ಜಾಗ ಅಂದರೆ ಅದು ಜಾಗ! ಗಂಡ-ಹೆಂಡತಿ ಹೋಗುವುದಾದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ಹೋಟೆಲ್ ಖರ್ಚು ಜಾಸ್ತಿ, ಬೇಸಿಗೆ ರಜೆಯಲ್ಲಿ ಆ ರಸ್ತೆಗಳು ತುಂಬಿಹೋಗಿರುತ್ತವೆ.

ಇಟಲಿಯ ಸ್ಟೆಲ್ವಿಯೋ ಪಾಸ್, ಅಂದರೆ ಬೆಟ್ಟ ದಾಟುವ ಘಾಟ್, ಅದರ ಚಿತ್ರ ತೋರಿಸಿದಾಗ ಕಾಕಾ ಸುಮಾರು ಹೊತ್ತು ಫೋನ್ ಕೆಳಗಿಡಲಿಲ್ಲ. 2,757 ಮೀಟರ್ ಎತ್ತರ, ಒಂದು ಬದಿಯಲ್ಲೇ 48 ತಿರುವು. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಆದರೆ ಫೆರಾರಿ ಬಾಡಿಗೆಗೆ ಸಿಗುವ ಇಟಲಿಯ ಮೊದೆನಾ ಊರಿನಿಂದ ಅದು ದೂರ. ಒಂದು ದಿನದ ಕಿಲೋಮೀಟರ್ ಮಿತಿ ಅಲ್ಲಿಗೆ ಮುಟ್ಟುವ ಮೊದಲೇ ಮುಗಿಯುತ್ತದೆ. ದುಬೈ ಪಾಠವೇ ಮತ್ತೆ.

ಕೊನೆಗೆ ಉಳಿದದ್ದು ಮೊದೆನಾ ಹತ್ತಿರದ ಮಾರನೆಲ್ಲೊ. ಫೆರಾರಿ ಕಾರ್ಖಾನೆ 1943ರಲ್ಲಿ ಮೊದೆನಾದಿಂದ ಈ ಸಣ್ಣ ಊರಿಗೆ ಬಂತು. 1947ರಲ್ಲಿ ಫೆರಾರಿ ಹೆಸರಿನ ಮೊದಲ ಗಾಡಿ ಇಲ್ಲಿಂದಲೇ ಹೊರಟಿತು. ನನಗೆ ಮುಖ್ಯವಾದದ್ದು ಬೇರೆ. ಊರು ದಾಟುತ್ತಿದ್ದ ಹಾಗೆ ಗುಡ್ಡ ಶುರು. ವಿಯಾ ಜಿಯಾರ್ದಿನಿ ಎಂಬ 18ನೇ ಶತಮಾನದ ರಸ್ತೆ ಮಾರನೆಲ್ಲೊದಿಂದ ಸೆರ್ರಮಝೋನಿ, ಪವುಲ್ಲೊ ದಾಟಿ 1,388 ಮೀಟರ್ ಎತ್ತರದ ಅಬೆತೋನೆ ಪಾಸ್‌ವರೆಗೆ ಹತ್ತುತ್ತದೆ. ಗಾಡಿ ಸಿಗುವ ಬಾಗಿಲಿನಿಂದಲೇ ಘಾಟ್!

ಅಲ್ಲಿಂದ ಮುಂದಿನದು ಕಾಗದದ ಕೆಲಸ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಇಬ್ಬರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟೆವು. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕೇ ಬೇಕು. ವೀಸಾ ಬಂದ ಮೇಲೆ ಕಲಬುರಗಿ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿದೆ. ಫಾರ್ಮ್ 4ಎ, ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿ, 1,000 ರೂಪಾಯಿ. ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಜೊತೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು, ಇದನ್ನು ಮರೆಯಬೇಡಿ.

ನಿಜವಾಗಿ ಕಷ್ಟ ಕೊಟ್ಟದ್ದು ಡಿಪಾಸಿಟ್. ಬಾಡಿಗೆ ದಿನಕ್ಕೆ 950 ಯೂರೋ, ಅದು ಮೊದಲೇ ಗೊತ್ತಿತ್ತು. ಅದರ ಮೇಲೆ 8,000 ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ 7 ಲಕ್ಷ ರೂಪಾಯಿಯಷ್ಟು, ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ನಡೆಯುವುದಿಲ್ಲ. ಗಾಡಿ ಓಡಿಸುವವರ ಹೆಸರಿನ ಕಾರ್ಡೇ ಆಗಬೇಕು. ನನ್ನ ಕಾರ್ಡಿನ ಮಿತಿ ಅಷ್ಟಿರಲಿಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಮೇಲೆ ಮಿತಿ ಹೆಚ್ಚಿಸಿಕೊಂಡೆ, ಎರಡು ವಾರ ಹಿಡಿಯಿತು. ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಬಳಕೆಯನ್ನೂ ಚಾಲೂ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕೌಂಟರಿನಲ್ಲಿ ಕಾರ್ಡ್ ನಡೆಯುವುದಿಲ್ಲ. ಊರು ಆರಿಸುವ ಮೊದಲು ಡಿಪಾಸಿಟ್ ಎಷ್ಟು, ಅಪಘಾತ ಆದರೆ ನಮ್ಮ ಪಾಲು ಎಷ್ಟು, ಕನಿಷ್ಠ ವಯಸ್ಸು ಎಷ್ಟು ಅಂತ ಬರಹದಲ್ಲೇ ಕೇಳಿ ತರಿಸಿಕೊಳ್ಳಿ. ವಯಸ್ಸು ಕೆಲವು ಕಡೆ 25, ಕೆಲವು ಕಡೆ 30 ಕೇಳುತ್ತಾರೆ.

ಗಾಡಿ ಯಾವುದು ಅನ್ನುವುದು ಕೊನೆಗೆ. ಫೆರಾರಿ ಪೋರ್ಟೊಫಿನೊ. ಮುಂದೆ ವಿ8 ಎಂಜಿನ್, 600 ಕುದುರೆ ಶಕ್ತಿ, ಹಿಂದಕ್ಕೆ ಮಡಚುವ ಗಟ್ಟಿ ಛಾವಣಿ. ಹಿಂದಿನ ಎರಡು ಸೀಟು ದೊಡ್ಡವರಿಗೆ ಆಗುವುದಿಲ್ಲ, ಚೀಲಕ್ಕೆ ಆಗುತ್ತವೆ. ಬಾಡಿಗೆಯವರಿಗೆ ಫೋನ್ ಮಾಡಿ, ನೆಲದಿಂದ ಸೀಟಿನವರೆಗೆ ಟೇಪ್ ಹಿಡಿದು ವೀಡಿಯೋದಲ್ಲಿ ತೋರಿಸಿ ಎಂದು ಕೇಳಿದೆ. ತೋರಿಸಿದರು. ಅಷ್ಟೇ ಎತ್ತರಕ್ಕೆ ಮಣೆ ಮೇಲೆ ದಿಂಬು ಇಟ್ಟು ಕಾಕಾ ಅವರನ್ನು ಕೂರಿಸಿದೆ. ಹತ್ತು ಸಲ ಎದ್ದರು, ಏನೂ ಹಿಡಿಯದೆ.

2023ರ ಸೆಪ್ಟೆಂಬರ್‌ನಲ್ಲಿ ಹೊರಟೆವು. ಕಾಕಾ ಅವರ ಹೆಂಡತಿ ಕಾಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದರು. ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದ್, ಅಲ್ಲಿಂದ ದುಬೈ ಮೇಲೆ ಬೊಲೊನ್ಯಾ. ನಾವು ಇಳಿದುಕೊಂಡದ್ದು ಊರ ಹೊರಗಿನ ಒಂದು ತೋಟದ ಮನೆಯಲ್ಲಿ. ಇದಕ್ಕೆ ಕಾರಣವಿದೆ. ಇಟಲಿಯ ಅನೇಕ ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ಗಾಡಿಗಳಿಗೆ ಪ್ರವೇಶವಿಲ್ಲ. ಝಡ್‌ಟಿಎಲ್ ಅನ್ನುತ್ತಾರೆ. ಕೆಂಪು ಸುತ್ತಿನ ಬಿಳಿ ಫಲಕ, ಪಕ್ಕದಲ್ಲಿ ಕ್ಯಾಮೆರಾ. ತಿಳಿಯದೆ ಒಳಗೆ ಹೋದರೂ ದಂಡ. ವಿದೇಶದಲ್ಲಿ ಇರುವವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನ ಸಮಯವಿದೆ. ಬಾಡಿಗೆಯವರು ನಿಮ್ಮ ವಿಳಾಸ ಕೊಟ್ಟದ್ದಕ್ಕೂ ಶುಲ್ಕ ಹಿಡಿಯುತ್ತಾರೆ. ಫೆರಾರಿಯನ್ನು ನಾನು ಬೊಲೊನ್ಯಾ ಪೇಟೆಗೆ ಒಯ್ಯಲೇ ಇಲ್ಲ.

ಐದು ದಿನ ಇದ್ದೆವು, ಫೆರಾರಿ ಎರಡೇ ದಿನ. ಉಳಿದ ದಿನಕ್ಕೆ ಒಂದು ಸಣ್ಣ ಫಿಯಟ್. ಇದು ನಾನು ಮಾಡಿದ ಕೆಲಸಗಳಲ್ಲೇ ಒಳ್ಳೆಯದು ಎಂದು ಈಗಲೂ ಅನಿಸುತ್ತದೆ. ಮೊದಲ ದಿನ ಫಿಯಟ್‌ನಲ್ಲೇ ಪವುಲ್ಲೊವರೆಗೆ ಹೋಗಿ ಬಂದೆ. ಎಡಗಡೆ ಸ್ಟೀರಿಂಗ್, ಬಲಗಡೆ ಸಂಚಾರ, ಊರೊಳಗೆ 50, ಹೊರಗೆ ಹೆಚ್ಚೆಂದರೆ 90. ಕ್ಯಾಮೆರಾ ಎಲ್ಲಿ, ರಸ್ತೆ ಎಲ್ಲಿ ಕಿರಿದು, ಗಾಡಿ ನಿಲ್ಲಿಸಲು ಜಾಗ ಎಲ್ಲಿ, ಪೆಟ್ರೋಲ್ ಬಂಕ್ ಎಲ್ಲಿ ಎಂದು ಗುರುತು ಮಾಡಿಕೊಂಡೆ. ಗುರುತಿಲ್ಲದ ದಾರಿಯಲ್ಲಿ ಗುರುತಿಲ್ಲದ ಗಾಡಿ ಬೇಡ ಅಲ್ವಾ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗಾಡಿ ಕೈಗೆ ಬಂತು. ಕಾಕಾ ಮೊದಲು ಸುತ್ತ ನಡೆದು ನಾಲ್ಕೂ ಟೈರಿಗೆ ಕೈಯಿಂದ ತಟ್ಟಿದರು, ಲಾರಿಗೆ ತಟ್ಟುತ್ತಿದ್ದ ಹಾಗೆ. ಛಾವಣಿ ತೆಗೆದು ಹೊರಟೆವು. ಸೆರ್ರಮಝೋನಿ ಏರಿಗೆ ಬಂದಾಗ ಎಂಜಿನ್ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತಿತ್ತು. ನಾವು ಹೋಗುತ್ತಿದ್ದದ್ದು 50-60ರಲ್ಲಿ. ದುಬೈಯಲ್ಲಿ 120ಕ್ಕೆ ಗೊತ್ತಾಗದೇ ಇದ್ದದ್ದು ಇಲ್ಲಿ 60ಕ್ಕೆ ಗೊತ್ತಾಯಿತು. ತಿರುವಿಗೆ ಮುಂಚೆ ಗೇರ್ ಇಳಿದಾಗ ಗಾಡಿ ನೆಲ ಕಚ್ಚಿಕೊಳ್ಳುವುದು, ತಿರುವು ಬಿಡುವಾಗ ಹಿಂದಿನ ಚಕ್ರ ತಳ್ಳುವುದು, ಎಲ್ಲ ಬೆನ್ನಿಗೆ ತಿಳಿಯುತ್ತದೆ.

ಅಬೆತೋನೆಯಲ್ಲಿ ಕಾಫಿ ಕುಡಿದೆವು. ಕಾಕಾ ರೊಟ್ಟಿ ತೆಗೆದು ಕಲ್ಲು ಕಟ್ಟೆ ಮೇಲೆ ಕೂತು ತಿಂದರು. ಇಳಿಯುವಾಗ ನಾನು ಎರಡು ತಿರುವಿಗೆ ಬ್ರೇಕ್ ಹಿಡಿದೆ. ಅವರ ಕೈ ತಾನಾಗಿ ಮುಂದೆ ಬಂತು.

"ಬ್ರೇಕ್ ಒತ್ತಬ್ಯಾಡ ತಮ್ಮಾ, ಗೇರ್ ಇಳಸು. ಗಾಡೀನ ತಾನ ನಿಲ್ತದ."

ಸ್ಟೀರಿಂಗ್ ಹಿಂದಿನ ಗೇರ್ ಪಟ್ಟಿ ಎಳೆದು ಎರಡನೇ ಗೇರಿಗೆ ಇಳಿಸಿದೆ. ಗಾಡಿ ತಾನೇ ತಡೆದುಕೊಂಡಿತು. ಮುಂದಿನ ಹತ್ತು ಹನ್ನೆರಡು ತಿರುವು ಅವರು ಹೇಳುತ್ತಾ ಹೋದರು, ನಾನು ಇಳಿಸುತ್ತಾ ಹೋದೆ. ಹದಿನೆಂಟನೇ ವಯಸ್ಸಿನಲ್ಲಿ ಅವರ ಪಕ್ಕ ಕೂತು ಲಾರಿ ಕಲಿತದ್ದು ಹೀಗೆಯೇ.

ಇನ್ನೊಂದು ದಿನ ಫಿಯಟ್‌ನಲ್ಲಿ ಬೊಲೊನ್ಯಾ ಹತ್ತಿರದ ಫೂನೊದಲ್ಲಿರುವ ಫೆರುಚ್ಚೊ ಲ್ಯಾಂಬೊರ್ಗಿನಿ ಮ್ಯೂಸಿಯಮ್ಮಿಗೆ ಹೋದೆವು. ಕಾರಿಗಿಂತ ಮುಂಚೆ ಆತ ಟ್ರ್ಯಾಕ್ಟರ್ ಮಾಡುತ್ತಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಗಾಡಿಗಳ ಭಾಗಗಳನ್ನು ಜೋಡಿಸಿ ಶುರು ಮಾಡಿದ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಅಗ್ಗದ ಡೀಸೆಲ್‌ಗೆ ಬದಲಿಸುವ ಉಪಾಯ ಅದರಲ್ಲಿತ್ತು. ಕಾರಿನ ಕಂಪನಿ ಬಂದದ್ದು 1963ರಲ್ಲಿ. ಕಾಕಾ ಕಾರುಗಳ ಮುಂದೆ ಐದು ನಿಮಿಷ ನಿಂತರು, ಟ್ರ್ಯಾಕ್ಟರುಗಳ ಮುಂದೆ ಮುಕ್ಕಾಲು ತಾಸು. ಬಾಡಿಗೆಗೆ ಅಷ್ಟು ದುಡ್ಡು ಹಾಕಲು ಆಗದವರೂ ಈ ಭಾಗಕ್ಕೆ ಬರಬಹುದು. ಮಾರನೆಲ್ಲೊದ ಫೆರಾರಿ ಮ್ಯೂಸಿಯಮ್ ಹೊರಗೆ ಹತ್ತು ನಿಮಿಷಕ್ಕೂ ಗಾಡಿ ಓಡಿಸಲು ಕೊಡುವವರು ಸಿಗುತ್ತಾರೆ, ಪಕ್ಕದಲ್ಲಿ ಅವರ ಮನುಷ್ಯ ಕೂತಿರುತ್ತಾನೆ.

ಗಾಡಿ ವಾಪಸ್ ಕೊಡುವಾಗ ಮತ್ತೆ ವೀಡಿಯೋ, ಪೂರ್ತಿ ಟ್ಯಾಂಕ್, ಸಹಿ ಹಾಕಿಸಿದ ಕಾಗದ. ಡಿಪಾಸಿಟ್ 12 ದಿನಕ್ಕೆ ಬಿಟ್ಟರು. ದಂಡದ ನೋಟಿಸ್ ಯಾವುದೂ ಬರಲಿಲ್ಲ.

ಈಗ ಕಾಕು ತಾವೂ ಬರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಅಷ್ಟು ದೂರದ ವಿಮಾನ ಆಗುವುದಿಲ್ಲ. ಹಾಗಾಗಿ ಜನವರಿಗೆ ದುಬೈ, ನಾಲ್ಕು ಜನ ಸರಿಯಾಗಿ ಕೂರುವ ಎತ್ತರದ ಗಾಡಿ, ಜೆಬೆಲ್ ಜೈಸ್. ದಿನಕ್ಕೆ 250ರ ಬದಲು 350 ಕಿಲೋಮೀಟರ್ ಕೊಡುತ್ತೀರಾ ಎಂದು ಮೂರು ಕಡೆ ಬರೆದು ಕೇಳಿದ್ದೇನೆ. ಒಬ್ಬರು ಆಗಲಿ ಅಂದಿದ್ದಾರೆ, ಇನ್ನಿಬ್ಬರ ಉತ್ತರ ಬರಬೇಕು.