ಹತ್ತುವುದಕ್ಕೂ ಅದೇ, ತೀರುವುದಕ್ಕೂ ಅದೇ

‘ಲೆಮೀಸಕ್’ ಎಂಬ ಒಂದು ಅರಾಮಿಕ್ (ಹೀಬ್ರೂವಿಗೆ ಹತ್ತಿರದ ಹಳೆಯ ಭಾಷೆ) ಪದಕ್ಕೆ ನಾನು ನಾಲ್ಕು ಸಂಜೆ ಸುರಿದಿದ್ದೇನೆ. ನಿಘಂಟಿನಲ್ಲಿ ‘ಮ’ ಅಕ್ಷರದ ಪುಟ ತೆರೆದೆ, ಇರಲಿಲ್ಲ. ಮೊದಲಿನ ‘ಲೆ’, ‘ಮೀ’ ಎರಡನ್ನೂ ಕಿತ್ತು ಬರೀ ‘ಸಕ್’ ಹುಡುಕಿದೆ. ಸಿಕ್ಕಿದ್ದು ಗೋಣಿಚೀಲ!

ಯೆಹೂದಿಗಳ ಧರ್ಮಶಾಸ್ತ್ರದ ವಾದಗಳ ಹಳೆಯ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮುಡ್‌ನಲ್ಲಿ, ಕೆತುಬೋತ್ ಎಂಬ ಗ್ರಂಥದ ಕೊನೆಯ ಪುಟಗಳಲ್ಲಿ ಆ ವಾಕ್ಯ ಬರುತ್ತದೆ. ರಬ್ಬಿ ಜೇರಾ ತಮ್ಮ ಗುರು ರವ್ ಯೆಹೂದಾ ಅವರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡು ಓಡಾಡುತ್ತಿದ್ದರಂತೆ. ಯಾಕೆಂದರೆ ಅವರಿಗೆ ಇಸ್ರೇಲ್ ನಾಡಿಗೆ ‘ಲೆಮೀಸಕ್’ ಮನಸ್ಸಿತ್ತು. ಬ್ಯಾಬಿಲೋನ್ ಬಿಟ್ಟು ಅಲ್ಲಿಗೆ ಹೋಗುವುದು ಆಜ್ಞೆ ಮೀರಿದಂತೆ ಎಂಬುದು ಗುರುಗಳ ಮಾತು. ಕಥೆ ಅರ್ಥವಾಯಿತು, ಚೆನ್ನಾಗಿಯೂ ಇತ್ತು. ಆದರೆ ಗೋಣಿಚೀಲ ಅಲ್ಲಿ ಏನು ಮಾಡುತ್ತಿದೆ?

ಉತ್ತರ ನನ್ನ ಹಳೆಯ ನೋಟ್‌ಬುಕ್ಕಿನಲ್ಲೇ ಇತ್ತು. ನಾನು ಅರಾಮಿಕ್‌ಗೆ ಬಂದಿದ್ದು ಬೈಬಲಿನ ದಾನಿಯೇಲನ ಪುಸ್ತಕದಿಂದ. ಅದರ 2ನೇ ಅಧ್ಯಾಯದ 4ನೇ ವಾಕ್ಯದ ನಡುವಿನಿಂದ 7ರ ಕೊನೆಯವರೆಗೆ ಅರಾಮಿಕ್‌ನಲ್ಲಿದೆ. ಸಿಂಹದ ಗವಿಯಿಂದ ದಾನಿಯೇಲನನ್ನು ಎತ್ತುವ ವಾಕ್ಯದಲ್ಲಿ ಒಂದೇ ಕ್ರಿಯಾಪದ ಎರಡು ಸಲ ಬರುತ್ತದೆ. ರಾಜ ‘ಮೇಲಕ್ಕೆತ್ತಿ’ ಅನ್ನುವಾಗ ‘ಲೆಹನ್‌ಸಾಕಾ’. ಅವನನ್ನು ಎತ್ತಿದರು ಅನ್ನುವಾಗ ‘ಹುಸ್ಸಕ್’. ಎರಡರ ಧಾತುವೂ ಸ-ಲ-ಕ, ಅಂದರೆ ಮೇಲೆ ಹೋಗು. ಆದರೆ ಎರಡರಲ್ಲೂ ‘ಲ’ ಇಲ್ಲ. ಪಕ್ಕದ ‘ಸ’ ಅದನ್ನು ನುಂಗಿ ತಾನು ಇಮ್ಮಡಿಯಾಗಿದೆ. ಒಂದು ಕಡೆಯಂತೂ ಇಮ್ಮಡಿ ಸಡಿಲಾಗಿ ‘ನ್’ ಬಂದು ಕೂತಿದೆ. ಲೆಮೀಸಕ್‌ನಲ್ಲೂ ಇದೇ ಆಟ. ಜೇರಾ ಅವರಿಗೆ ಬೇಕಾಗಿದ್ದು ‘ಹತ್ತಿ ಹೋಗಲು’, ಅಷ್ಟೆ.

ಅಂದಿನಿಂದ ಈ ಒಂದು ಕ್ರಿಯಾಪದಕ್ಕೆ ಬೇರೆಯೇ ಒಂದು ಶೂ ಡಬ್ಬಿ ಇಟ್ಟೆ. ಸಿಕ್ಕಿದ ಪ್ರತಿ ಪ್ರಯೋಗಕ್ಕೂ ಒಂದು ಚೀಟಿ. ಪದ ಮಾತ್ರ ಬರೆದರೆ ಉಪಯೋಗವಿಲ್ಲ ಎಂದು ಹತ್ತು ಚೀಟಿಗೇ ಗೊತ್ತಾಯಿತು. ಪೂರ್ತಿ ವಾಕ್ಯ ಬೇಕು. ಏರುವುದು ಯಾರು ಅಥವಾ ಏನು, ಪಕ್ಕದ ಪದ ಯಾವುದು, ಇಷ್ಟೂ ಬೇಕು. ಕಂಪ್ಯೂಟರಿನಲ್ಲಿ ಮೂರು ಅಕ್ಷರ ಹಾಕಿ ಹುಡುಕುವುದು ಸುಲಭ, ಆದರೆ ‘ಲ’ ಕಳೆದುಕೊಂಡ ರೂಪಗಳು ಅದಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಎರಡೆರಡು ಸಲ ಹುಡುಕುತ್ತಿದ್ದೆ. ಮಾರ್ಕಸ್ ಜಾಸ್ಟ್ರೋ ಅವರ ನಿಘಂಟು 1903ರಲ್ಲಿ ಮುಗಿದದ್ದು, ಈಗಲೂ ನನಗೆ ಅದೇ ಮೊದಲು. ಸೊಕೊಲೋಫ್ ಅವರದು 2002ರದ್ದು, ಬ್ಯಾಬಿಲೋನಿನ ಅರಾಮಿಕ್‌ಗಾಗಿಯೇ ಮಾಡಿದ್ದು. ಅನುಮಾನ ಬಂದಾಗ ಅದು.

ಚೀಟಿಗಳಲ್ಲಿ ಜಾಸ್ತಿ ತುಂಬಿದ್ದು ಜನ ಏರುವುದಲ್ಲ, ಯೋಚನೆ ಏರುವುದು. ‘ಸಲ್ಕಾ ದಅತಾಖ್’, ಅಂದರೆ ನಿನ್ನ ಮನಸ್ಸಿಗೆ ಏರುತ್ತದೆ. ಛಾಪಿಸಿದ ಪುಟದಲ್ಲಿ ಇದು ಎಷ್ಟೋ ಕಡೆ ಸಮೆಖ್ (ಸ), ದಾಲೆತ್ (ದ) ಎಂಬ ಎರಡೇ ಅಕ್ಷರವಾಗಿ ಕೂತಿರುತ್ತದೆ. ‘ಸ್ವರ್ಗದ ನೆರವಿನಿಂದ’ ಅನ್ನುವುದಕ್ಕೂ ಇವೇ ಅಕ್ಷರಗಳ ಗುರುತು ಇದೆ. ನಾನೋ, ವಾದದ ನಡುವೆ ಯಾಕೆ ಇಷ್ಟೊಂದು ಸಲ ದೇವರನ್ನು ನೆನೆಯುತ್ತಾರೆ ಅಂದುಕೊಂಡು ಸುಮ್ನೆ ಮುಂದೆ ಓದುತ್ತಿದ್ದೆ!

ಈ ನುಡಿಗಟ್ಟಿನ ಕೆಲಸ ತಿಳಿಯದೆ ತಾಲ್ಮುಡ್ ಓದಲಾಗದು. ಒಂದು ನಿಯಮ ಇದೆ. ಇದನ್ನು ಹೇಳುವ ಅಗತ್ಯವೇನಿತ್ತು ಎಂದು ಕೇಳುತ್ತಾರೆ. ಹೇಳದಿದ್ದರೆ ‘ಸಲ್ಕಾ ದಅತಾಖ್ ಅಮೀನಾ’, ಇಂಥದ್ದು ಎಂದು ಮನಸ್ಸಿಗೆ ಬಂದೀತು. ‘ಕಾ ಮಶ್ಮಾ ಲಾನ್’, ಹಾಗಲ್ಲ ಎಂದು ಇದು ತಿಳಿಸುತ್ತದೆ. ಕನ್ನಡಕ್ಕೆ ತರುವಾಗ ಮೊದಲು ನಾನು ಇದನ್ನು ‘ನಿನ್ನ ಮನಸ್ಸಿಗೆ ಏರಿತು’ ಎಂದೇ ಬರೆದೆ. ಜಿಡ್ಡುಜಿಡ್ಡು. ‘ನೀನು ಯೋಚಿಸಬಹುದಿತ್ತು’ ಇನ್ನೂ ಕೆಟ್ಟದು. ಕೊನೆಗೆ ‘ಹೀಗನ್ನಿಸೀತು’ ಬಂತು. ನಮ್ಮ ‘ಬಂದೀತು, ಬಿದ್ದೀಯೆ, ಅನ್ನಿಸೀತು’ ರೂಪ ಇದಕ್ಕೇ ಕಾದಿತ್ತೇನೋ ಅನ್ನುವಷ್ಟು ಸರಿಯಾಗಿ ಕೂರುತ್ತದೆ. ಸಾಧ್ಯತೆಯೂ ಇದೆ, ಎಚ್ಚರಿಕೆಯೂ ಇದೆ. ಇದೇ ನುಡಿಗಟ್ಟು ಒಂಟಿಯಾಗಿ, ಅಚ್ಚರಿಯ ಪ್ರಶ್ನೆಯಾಗಿ ಬಂದರೆ ಮಾತ್ರ ‘ಹಾಗಂತ ಅಂದ್ಕೊಂಡ್ಯಾ?’ ಅಂತಲೇ ಬರೆಯುತ್ತೇನೆ. ಜಗಳದ ದನಿ ಇರಲಿ, ಮೂಲದಲ್ಲೂ ಅದು ಇದೆ. ದಾನಿಯೇಲನಲ್ಲೂ ರಾಜನ ಯೋಚನೆಗಳು ಹಾಸಿಗೆಯ ಮೇಲೆ ‘ಏರುತ್ತವೆ’. ತಾಲ್ಮುಡ್‌ನ ವಾದದ ಒಂದು ದೊಡ್ಡ ಕೀಲು ಹೀಗೆ ಹಾಸಿಗೆಯ ಮೇಲೆ ಹುಟ್ಟಿದ್ದು ನೋಡಿ ನನಗೆ ಖುಷಿ.

ಆಮೇಲೆ ಸಾಲದ ಚೀಟಿಗಳು. ಇಲ್ಲಿ ತಲೆ ಕೆಟ್ಟಿತು. ಒಬ್ಬನಿಗೆ ಗೆಳೆಯನಿಂದ ಹಣ ಬರಬೇಕಿದ್ದರೆ ಅವನು ಗೆಳೆಯನ ಮೇಲೆ ಜೂಜ್ (ಆ ಕಾಲದ ಬೆಳ್ಳಿ ನಾಣ್ಯ) ‘ಮಸ್ಸೀಕ್’, ಅಂದರೆ ಏರಿಸಿದ್ದಾನೆ. ಸರಿ, ನಾವೂ ತಲೆ ಮೇಲೆ ಸಾಲ ಇದೆ ಅನ್ನುತ್ತೇವೆ. ಆದರೆ ಅದೇ ಧಾತುವಿನ ಇನ್ನೊಂದು ರೂಪ, ‘ಸಲ್ಲೇಕ್’, ಹಣ ಕೊಟ್ಟು ಸಾಲ ಕೊಟ್ಟವನನ್ನು ಸಾಗಹಾಕುವುದು! ತಾಲ್ಮುಡ್ಡಿನದೇ ಇನ್ನೊಂದು ಗ್ರಂಥ ಬಾವಾ ಮೆಟ್ಸಿಯಾದ 67ನೇ ಹಾಳೆಯಲ್ಲಿ ಅಡವಿಟ್ಟ ಹೊಲದ ಚರ್ಚೆ ಇದೆ. ಸಾಲ ಕೊಟ್ಟವನು ಹೊಲದ ಫಸಲು ಉಣ್ಣುತ್ತಿರುತ್ತಾನೆ. ದುಡ್ಡು ಕೊಟ್ಟ ಕೂಡಲೇ ಅವನನ್ನು ಹೊಲದಿಂದ ಏಳಿಸಬಹುದಾದ ಊರು ಒಂದು ಬಗೆ, ಹಾಗೆ ಏಳಿಸಲಾಗದ ಊರು ಇನ್ನೊಂದು. ಇಂಗ್ಲಿಷ್ ಅನುವಾದದಲ್ಲಿ ಮೂರು ಸಲ ಓದಿದರೂ ಹತ್ತದ್ದು, ‘ಓ, ಭೋಗ್ಯ!’ ಅಂದ ಕೂಡಲೇ ಹತ್ತಿತು. ನಮ್ಮ ಅಜ್ಜ ಗದ್ದೆಯನ್ನು ಭೋಗ್ಯಕ್ಕೆ ಹಾಕಿ ಬಿಡಿಸಿಕೊಳ್ಳಲು ಒದ್ದಾಡಿದ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಆ ರಾತ್ರಿ ಡಬ್ಬಿಯನ್ನು ನೆಲದ ಮೇಲೆ ಸುರಿದು ಚೀಟಿಗಳನ್ನು ಮತ್ತೆ ವಿಂಗಡಿಸಿದೆ. ಗ್ರಂಥ ಮುಗಿದಾಗ ಕೊನೆಯಲ್ಲಿ ‘ಸಲೀಕಾ ಲಾಹ್ ಮಸ್ಸೆಖೆತ್’ ಎಂದು ಛಾಪಿಸುತ್ತಾರೆ, ಗ್ರಂಥ ಮುಗಿಯಿತು ಎಂದು. ವಾದ ಕೊನೆಗೆ ಮುಟ್ಟುವ ನಿಲುವಿಗೆ ‘ಮಸ್ಕಾನಾ’ ಅನ್ನುತ್ತಾರೆ, ಇಲ್ಲೂ ‘ಲ’ ನುಂಗಿಹೋಗಿದೆ. ಸಾಲ ಕಳೆಯುವುದು ಸಲ್ಲೇಕ್. ದೊಡ್ಡವರು ಸತ್ತರೆ, ಮುಂದಿನ ಕಾಲದ ಬರಹಗಳಲ್ಲಿ, ‘ನಿಸ್ತಲ್ಲೇಕ್’. ನಾಲ್ಕು ಗುಡ್ಡೆಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯಲು ಹೊರಟೆ. ತೀರಿತು. ತೀರ್ಮಾನ. ಸಾಲ ತೀರಿಸು. ತೀರಿಕೊಂಡರು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಎರಡು ಭಾಷೆಗಳಿಗೂ ನಂಟು ಕಟ್ಟಬೇಡಿ, ಏನೂ ಇಲ್ಲ. ‘ತೀರು’ ಬೆಟ್ಟ ಹತ್ತುವುದಿಲ್ಲ. ಆ ಅರ್ಧಕ್ಕೆ ನಮ್ಮಲ್ಲಿ ‘ಹತ್ತು’ ಬೇಕು. ‘ಲೆಕ್ಕ ತಲೆಗೆ ಹತ್ತಲಿಲ್ಲ’ ಅನ್ನುತ್ತೇವಲ್ವಾ? ಅದು ಹೊಳೆಯುವುದಲ್ಲ, ಅರ್ಥವಾಗುವುದು. ಆದರೂ ಮನಸ್ಸಿಗೆ ಏರುವ ಸಲ್ಕಾ ದಅತಾಖ್‌ಗೆ ಹತ್ತಿರದ ದಾರಿಯೇ. ಅರಾಮಿಕ್ ಒಂದೇ ಪದದಲ್ಲಿ ಮಾಡುವ ಕೆಲಸವನ್ನು ನಾನು ಎರಡಕ್ಕೆ ಹಂಚಿದೆ. ಈಗ ಪ್ರತಿ ಹೊಸ ಚೀಟಿಗೂ ಮೊದಲ ಪ್ರಶ್ನೆ ಒಂದೇ: ಇಲ್ಲಿ ಹತ್ತುತ್ತಿದೆಯೋ, ತೀರುತ್ತಿದೆಯೋ?

ರಬ್ಬಿ ಜೇರಾ ಕೊನೆಗೂ ಹೊರಟರು. ಅದೇ ಕೆತುಬೋತ್‌ನಲ್ಲಿ, 112ನೇ ಹಾಳೆಯಲ್ಲಿ, ಅವರು ‘ಸಲೀಕ್’ ಆಗುವಾಗ ನದಿ ದಾಟಲು ದೋಣಿ ಸಿಗುವುದಿಲ್ಲ. ಕಾಯಲಿಲ್ಲ, ಹಗ್ಗ ಹಿಡಿದು ದಾಟಿದರು. ಎಂಥ ಅವಸರದ ಜನ ಎಂದು ಒಬ್ಬ ಹಂಗಿಸಿದ. ಮೋಶೆ, ಆರೋನರಂಥ ಹಿರಿಯರಿಗೇ ಸಿಗದ ಜಾಗ, ನನಗೆ ಸಿಕ್ಕೀತು ಎಂದು ಯಾರು ಬಲ್ಲರು ಎಂದರಂತೆ ಇವರು. ಬಾವಾ ಮೆಟ್ಸಿಯಾ ಇನ್ನೊಂದು ಹೇಳುತ್ತದೆ: ಹತ್ತಿ ಹೋದ ಮೇಲೆ, ಬ್ಯಾಬಿಲೋನಿನಲ್ಲಿ ಕಲಿತದ್ದು ಮರೆತುಹೋಗಲಿ ಎಂದು 100 ಉಪವಾಸ ಮಾಡಿದರು.

ಈ ‘ಸಲೀಕ್’ಗೆ ಮೊದಲು ‘ಹೋದರು’ ಎಂದು ಬರೆದಿದ್ದೆ. ಆಮೇಲೆ ‘ಏರಿ ಹೋದರು’. ನಮ್ಮೂರು ಘಟ್ಟದ ಕೆಳಗಿದೆ. ಕೆಲಸ ಹುಡುಕಿಕೊಂಡು ಮೇಲೆ ಹೊರಟವರನ್ನು ನಮ್ಮ ಕಡೆ ‘ಘಟ್ಟ ಹತ್ತಿದ’ ಅನ್ನುತ್ತಾರೆ. ಈಗ ಕರಡಿನಲ್ಲಿರುವುದು ‘ಜೇರಾ ಹತ್ತಿದರು’.